ಹತ್ತು ಎಣಿಸುವುದರೊಳಗೆ

ಹೋದ ತಿಂಗಳು ಮಗಳನ್ನು ನೋಡಿಕೊಂಡು ಬರಲು ಮಾಲೂರಿಗೆ ಹೋಗಿದ್ದೆ. ಬಸ್ಸಿಳಿದು ಅವಳ ಮನೆಯ ಕಡೆ ನಡೆಯುವಾಗ ಬಿಪಿ ಮಾತ್ರೆ ಮುಗಿದಿರುವುದು ನೆನಪಾಗಿ ಒಂದು ಮೆಡಿಕಲ್ ಶಾಪಿನ ಮುಂದೆ ನಿಂತೆ. ನನಗಿಂತ ಮುಂಚೆ ಬಂದಿದ್ದ ನಡುವಯಸ್ಸಿನ ಒಬ್ಬರು ಚೀಟಿ ಹಿಡಿದು ಕಫ ಎಳೆಯುವ ಸಕ್ಷನ್ ಪೈಪು ಕೇಳುತ್ತಿದ್ದರು. ಅಂಗಡಿಯವನು ಉದ್ದನೆಯ ಪ್ಯಾಕೆಟ್ಟೊಂದನ್ನು ತೆಗೆದು ಗಾಜಿನ ಮೇಲಿಟ್ಟ. ಅದರ ಒಂದು ತುದಿ ಹರಿದಿತ್ತು. ಹೊಸ ಪ್ಲಾಸ್ಟಿಕ್ಕಿನ ಆ ವಾಸನೆ... ಸ್ವಲ್ಪ ಸಿಹಿ, ಸ್ವಲ್ಪ ರಬ್ಬರು... ಮೂಗಿಗೆ ತಾಕಿದ್ದೇ ತಡ, ನನಗೆ ಗೊತ್ತಿಲ್ಲದೆಯೇ ಉಸಿರು ಹಿಡಿದುಕೊಂಡೆ.

"ಹನ್ನೆರಡನೇ ನಂಬರು ಖಾಲಿಯಾಗೈತೆ. ಹದಿನಾರು ಐತೆ, ತಗೊಂಡೋಗಿ. ದಪ್ಪ ಇದ್ರೆ ಬೇಗ ಎಳೀತದೆ," ಅಂದ ಅಂಗಡಿಯವನು.

"ತಗೋಬೇಡಿ," ಅಂದೆ ನಾನು.

ಇಬ್ಬರೂ ತಿರುಗಿ ನೋಡಿದರು. ಗಂಟಲಲ್ಲಿ ಹಾಕಿರುವ ಟ್ಯೂಬು ಎಷ್ಟನೇ ನಂಬರು ಅಂತ ಆ ಮನುಷ್ಯನನ್ನು ಕೇಳಿದೆ. ಎಂಟು ಅಂದರು. "ಹಾಗಾದ್ರೆ ಹನ್ನೆರಡೇ ಬೇಕು. ದಪ್ಪ ಪೈಪು ಹಾಕಿದ್ರೆ ಪಕ್ಕದಲ್ಲಿ ಗಾಳಿ ಆಡೋಕೆ ಜಾಗ ಇರಲ್ಲ. ಕಫದ ಜೊತೆ ಉಸಿರನ್ನೂ ಎಳ್ಕೊಂಡುಬಿಡ್ತದೆ. ಹರಿದಿರೋ ಪ್ಯಾಕೆಟ್ಟಂತೂ ಬೇಡವೇ ಬೇಡ."

"ನೀವು ಸಿಸ್ಟರಾ?" ಅಂದರು ಅವರು.

"ಇಲ್ಲ. ಟೈಲರು."

ಆ ಮಾತುಗಳು ನನ್ನವಲ್ಲ. ಮುಳಬಾಗಿಲಿನ ನಮ್ಮ ಬೀದಿಯಲ್ಲಿ, ನಮ್ಮ ಮನೆಯಿಂದ ಎರಡು ಬಾಗಿಲು ಆಚೆ ಇದ್ದ ಸಿಸ್ಟರ್ ಅವರವು. ಅವರು ಹೇಳುತ್ತಿದ್ದ ಹಾಗೆಯೇ, ಅದೇ ಗಡುಸಿನಲ್ಲಿ ನನ್ನ ಬಾಯಿಂದ ಹೊರಟಿದ್ದವು. ಮಾತ್ರೆ ತೆಗೆದುಕೊಳ್ಳುವುದನ್ನೇ ಮರೆತು ಮಗಳ ಮನೆ ಸೇರಿದೆ.

ಸಿಸ್ಟರ್ ಕೋಲಾರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ನಿವೃತ್ತಿಗೆ ಇನ್ನೂ ಮೂರ್ನಾಲ್ಕು ವರ್ಷ ಇರುವಾಗಲೇ ಕೆಲಸ ಬಿಟ್ಟು ಮನೆಯಲ್ಲಿ ಕೂತರು. ಮದುವೆಯಾಗಿರಲಿಲ್ಲ. ಬೀದಿಯಲ್ಲಿ ಅವರ ಬಗ್ಗೆ ಒಳ್ಳೆಯ ಮಾತಿರಲಿಲ್ಲ. ಯಾರಾದರೂ ಇಂಜೆಕ್ಷನ್ ಚುಚ್ಚಿ ಕೊಡಿ, ಬಿಪಿ ನೋಡಿ ಅಂತ ಬಾಗಿಲು ತಟ್ಟಿದರೆ "ಆಸ್ಪತ್ರೆಗೆ ಹೋಗಿ" ಅಂತ ಒಂದೇ ಮಾತು. ಇಷ್ಟು ವರ್ಷ ಸರ್ವಿಸ್ ಮಾಡಿದವಳಿಗೆ ಒಂದು ಸೂಜಿ ಚುಚ್ಚೋಕೆ ಏನು ರೋಗ, ಸೊಕ್ಕು ಅಂತ ಹೆಂಗಸರು ನಲ್ಲಿಯ ಹತ್ತಿರ ಮಾತಾಡಿಕೊಳ್ಳುತ್ತಿದ್ದರು. ನಾನೂ ಅವರಲ್ಲಿ ಒಬ್ಬಳಾಗಿದ್ದೆ ಅಂತ ಈಗ ಒಪ್ಪಿಕೊಳ್ಳಬೇಕು.

ನನಗೆ ಅವರ ಪರಿಚಯ ಇದ್ದದ್ದು ಬ್ಲೌಸಿನಿಂದ. ನಮ್ಮ ಮನೆಯ ಮುಂಗೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದೆ. ಸಿಸ್ಟರ್ ಬಂದರೆ ಅಳತೆ ಬ್ಲೌಸು, ಬಟ್ಟೆ ಇಟ್ಟು ಹೊರಡುವವರು. ಒಂದು ಸಲ ಮಾತ್ರ ನಿಂತು, "ಹುಕ್ಕು ಬೇಡಮ್ಮ. ದಪ್ಪ ಪ್ರೆಸ್ ಬಟನ್ ಹಾಕು, ಮುಂದುಗಡೆ," ಅಂದರು. ಚೆನ್ನಾಗಿ ಕಾಣಲ್ಲ ಸಿಸ್ಟರ್ ಅಂದೆ. "ಕಾಣದಿದ್ರೆ ಬಿಡು," ಅಂದರು. ಹಾಕಿಕೊಟ್ಟೆ. ಯಾಕೆ ಅಂತ ಕೇಳಲಿಲ್ಲ.

ನಮ್ಮವರು ಕೋಲಾರದ ಟೊಮೆಟೊ ಮಾರುಕಟ್ಟೆಯ ಮಂಡಿಯೊಂದರಲ್ಲಿ ಹರಾಜು ಕೂಗುತ್ತಿದ್ದರು. ಕ್ರೇಟುಗಳ ಸಾಲಿನ ನಡುವೆ ನಿಂತು ಕನ್ನಡದಲ್ಲಿ ಶುರು ಮಾಡಿ, ಗಡಿಯಾಚೆಯ ರೈತರ ಮುಖ ಕಂಡರೆ ಅದೇ ಉಸಿರಿನಲ್ಲಿ ತೆಲುಗಿಗೆ ಹೊರಳಿ, ಅರ್ಧ ಗಂಟೆ ಬಿಡದೆ ಕೂಗುವವರು. ಗದ್ದಲದಲ್ಲಿ ಕಣ್ಣು ಮುಚ್ಚಿಕೊಂಡು ನಿಂತರೂ ಅವರು ಯಾವ ಸಾಲಿನಲ್ಲಿದ್ದಾರೆ ಅಂತ ಹೇಳಬಹುದಿತ್ತು. ಮನೆಯಲ್ಲಿ ನೀರು ಕೇಳಿದರೂ ಬೀದಿಗೆಲ್ಲ ಕೇಳುತ್ತಿತ್ತು.

ಒಂದು ದಿನ ಮಾರುಕಟ್ಟೆಯಿಂದ ಬರುವಾಗ ಅವರ ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಎಲ್ಲಿ ಬಿತ್ತು ಅಂತ ಅವರಿಗೇ ಗೊತ್ತಿರಲಿಲ್ಲ. ಕಾಲು ಜೋಮು ಹಿಡಿದಿದೆ ಅಂದರು. ಮಾರನೇ ದಿನ ಮೆಟ್ಟಿಲು ಹತ್ತಲಾಗಲಿಲ್ಲ. ಅದರ ಮಾರನೇ ದಿನ ಕಾಫಿ ಲೋಟ ಎತ್ತಲಾಗಲಿಲ್ಲ. ನಾಲ್ಕನೇ ದಿನ ಉಸಿರು ಸಿಕ್ಕಿಹಾಕಿಕೊಂಡಂತಾಗಿ ಕೋಲಾರಕ್ಕೆ ಕರೆದೊಯ್ದೆವು. ನರಗಳ ಮೇಲಿನ ಪದರವನ್ನು ಮೈಯೇ ತಿಂದುಹಾಕುವ ರೋಗ, ಕಾಲಿಂದ ಮೇಲಕ್ಕೆ ಏರುತ್ತದೆ, ನಿಧಾನಕ್ಕೆ ಇಳಿಯುತ್ತದೆ, ಬಹಳ ಜನಕ್ಕೆ ವಾಸಿಯಾಗುತ್ತದೆ, ಆದರೆ ಅಲ್ಲಿಯವರೆಗೆ ಉಸಿರು ಕಾಪಾಡಬೇಕು ಅಂದರು ಡಾಕ್ಟರು. ಮೊದಲು ವೆಂಟಿಲೇಟರು. ಆಮೇಲೆ ಗಂಟಲಿನ ಬುಡದಲ್ಲಿ ತೂತು ಮಾಡಿ ಟ್ಯೂಬು. ಉಸಿರೆಲ್ಲ ಆ ಟ್ಯೂಬಿನಿಂದಲೇ ಹೋಗಿಬರುತ್ತಿದ್ದರಿಂದ ಗಂಟಲಿಗೆ ಗಾಳಿ ಸಿಗುತ್ತಿರಲಿಲ್ಲ. ಸ್ವರ ನಿಂತುಹೋಯಿತು.

ಎರಡು ತಿಂಗಳ ಮೇಲೆ ವೆಂಟಿಲೇಟರ್ ಇಲ್ಲದೆ ಉಸಿರಾಡುವಂತಾದರು. ಕೆಮ್ಮುವ ಶಕ್ತಿ ಮಾತ್ರ ಇರಲಿಲ್ಲ. ಎದೆಯಲ್ಲಿ ಕಟ್ಟುವ ಕಫವನ್ನು ಟ್ಯೂಬಿನೊಳಗೆ ಪೈಪು ಬಿಟ್ಟು ಮೆಷಿನ್ನಿನಿಂದ ಎಳೆಯಬೇಕಿತ್ತು. ಮನೆಗೆ ಕಳಿಸ್ತೀವಿ, ಮಾಡೋರು ಯಾರು ಅಂದರು. ಅತ್ತೆಗೆ ಎಪ್ಪತ್ತು ದಾಟಿತ್ತು, ಮಗಳಿಗೆ ಪರೀಕ್ಷೆ. ನಾನೇ ಅಂದೆ. ವಾರ್ಡಿನಲ್ಲಿ ಎರಡು ದಿನ ತೋರಿಸಿಕೊಟ್ಟರು. ಪೈಪು ಒಳಗೆ ಹೋದಾಗ ನಮ್ಮವರ ಮುಖ ಕೆಂಪಾಗಿ, ಕುತ್ತಿಗೆಯ ನರ ಉಬ್ಬಿ, ಕಣ್ಣಂಚಿನಿಂದ ನೀರು ಕಿವಿಗೆ ಇಳಿಯುತ್ತಿತ್ತು. ಸದ್ದಿಲ್ಲದ ಕೆಮ್ಮು. ಅಂಥ ಮನುಷ್ಯನಿಂದ ಸದ್ದೇ ಇಲ್ಲದ ಕೆಮ್ಮು... ಅದನ್ನು ನೋಡುತ್ತ ಪೈಪನ್ನು ಎರಡು ಸಲ ಕೆಳಗೆ ಬೀಳಿಸಿದೆ.

ಆಂಬುಲೆನ್ಸಿನಿಂದ ಅವರನ್ನು ಇಳಿಸಿ ಮುಂಗೋಣೆಯ ಮಂಚಕ್ಕೆ ಹಾಕಿದ ದಿನ ಬೀದಿಯವರೆಲ್ಲ ಬಂದು ಬಾಗಿಲಲ್ಲಿ ನಿಂತು ಅತ್ತರು. ಸಿಸ್ಟರ್ ಕೊನೆಗೆ ಬಂದರು. ಅಳಲಿಲ್ಲ, ಹೇಗಿದ್ದಾರೆ ಅನ್ನಲೂ ಇಲ್ಲ.

"ಟ್ಯೂಬ್ ನಂಬರ್ ಎಷ್ಟು? ಒಳಗಡೆ ಇನ್ನೊಂದು ಕೊಳವೆ ಇದ್ಯಾ, ತೆಗೆದು ತೊಳೆಯೋ ಅಂಥದ್ದು?"

ಇದೆ ಅಂದೆ.

"ಕರೆಂಟ್ ಹೋದ್ರೆ ಏನ್ ಮಾಡ್ತೀಯ?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. "ಕಾಲಲ್ಲಿ ಒತ್ತೋ ಪಂಪ್ ಸಿಗುತ್ತೆ. ನಾಳೆನೇ ತರಿಸು. ಬೀದಿಯವರನ್ನೆಲ್ಲ ಆಚೆ ಕಳಿಸು. ಕೈ ತೊಳೀದೇ ಯಾರೂ ಮಂಚದ ಹತ್ರ ಬರಬಾರದು," ಅಂದು ಹೊರಟುಹೋದರು. ನೋಡಿದ್ಯಾ ಅದರ ದೌಲತ್ತು, ಅಂದರು ಅತ್ತೆ.

ಮಾರನೇ ದಿನ ಬೆಳಗ್ಗೆ ಕಂಕುಳಲ್ಲಿ ಪಪ್ಪಾಯಿ ಎಲೆಗಳ ಒಂದು ಕಟ್ಟು ದಂಟು ಇರುಕಿಕೊಂಡು ಬಂದರು. ಟೊಳ್ಳು ದಂಟು. ಅದರೊಳಗೆ ಗಂಜಿ ಸುರಿಸಿ, ಒಂದು ತುದಿಗೆ ಬಟ್ಟೆ ಕಟ್ಟಿಸಿ, "ಇದು ನಿನ್ನ ಗಂಡನ ಶ್ವಾಸನಾಳ. ಎಳಿ," ಅಂದರು. ನಾನು ಪೈಪು ಒಳಗೆ ಬಿಡುತ್ತಲೇ ಮೆಷಿನ್ನಿನ ಎಳೆತ ಶುರು ಮಾಡಿದೆ. "ಬೇಡ. ಒಳಗೆ ಹೋಗ್ವಾಗ ಎಳೀಬಾರದು. ಪೈಪಿನ ಪಕ್ಕದಲ್ಲಿ ತೂತಿದ್ಯಲ್ಲ, ಅದರ ಮೇಲಿಂದ ಹೆಬ್ಬೆರಳು ತೆಗಿ. ಸುಮ್ನೆ ಒಳಗೆ ಬಿಡು. ಆಚೆ ಬರ್ವಾಗ ಮುಚ್ಚು." ದಂಟನ್ನು ನನ್ನ ಉಗುರಿನಿಂದಲೇ ಸೀಳಿಸಿ ಒಳಗಿನ ಗೀರು ತೋರಿಸಿದರು. ನಾನು ಕೆರೆದಿದ್ದ ಜಾಗ. "ಇದು ದಂಟು. ಅವರಿಗಾದ್ರೆ ರಕ್ತ ಬರುತ್ತೆ."

ಆ ಬೆಳಗ್ಗೆ ಒಂಬತ್ತು ದಂಟು ಹಾಳು ಮಾಡಿದೆ. ಅವರು ಮಂಚದಿಂದ ಮೂರಡಿ ದೂರದಲ್ಲಿ ಕುರ್ಚಿ ಹಾಕಿಕೊಂಡು, ಕೈಗಳನ್ನು ಸೆರಗಿನೊಳಗೆ ಮಡಚಿಟ್ಟುಕೊಂಡು ಕೂತಿದ್ದರು. ಪೈಪು ಎಷ್ಟು ಉದ್ದ ಒಳಗೆ ಹೋಗಬೇಕು ಅನ್ನುವುದನ್ನು ಅಂಥದ್ದೇ ಇನ್ನೊಂದು ಟ್ಯೂಬಿನ ಪಕ್ಕದಲ್ಲಿಟ್ಟು ಅಳೆಸಿದರು. "ನೀನು ಟೈಲರ್ ಅಲ್ವಾ. ಅಳತೆ ತಪ್ಪಬಾರದು." ಆ ಗುರುತು ದಾಟಿ ಕೂದಲೆಳೆಯಷ್ಟೂ ಹೆಚ್ಚು ಬಿಡಕೂಡದು. ಹತ್ತು ಎಣಿಸುವುದರೊಳಗೆ ಪೈಪು ಆಚೆ ಇರಬೇಕು. ಮತ್ತೆ ಬಿಡುವ ಮುಂಚೆ ಅವರು ನಾಲ್ಕೈದು ಸಲ ನೆಮ್ಮದಿಯಾಗಿ ಉಸಿರಾಡಬೇಕು. ಮೂರು ಸಲದ ಮೇಲೆ ಬೇಡ. ಬಾಯಿಗೆ ಹಾಕಿದ ಪೈಪು ಟ್ಯೂಬಿಗೆ ಎಂದೆಂದಿಗೂ ಬೇಡ. ನಾನು ಗಾಬರಿಯಲ್ಲಿ ಎಣಿಕೆಯನ್ನು ಓಡಿಸುವುದನ್ನು ಕಂಡು ಇನ್ನೊಂದು ದಾರಿ ಹೇಳಿಕೊಟ್ಟರು.

"ಪೈಪು ಒಳಗೆ ಬಿಡ್ವಾಗ ನಿನ್ನ ಉಸಿರು ಹಿಡ್ಕೋ. ನಿನಗೆ ಉಸಿರು ಬೇಕು ಅನ್ನಿಸ್ತಾ, ಅವರಿಗೂ ಬೇಕು. ಅಷ್ಟೇ ಲೆಕ್ಕ."

ಕಲಿತೆ. ಆದರೆ ಭಯ ಹೋಗಲಿಲ್ಲ. ಭಯ ಅಂದರೆ ಹೇಗಿತ್ತು ಅಂತ ಈಗ ಹೇಳುವುದು ಕಷ್ಟ... ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿದರೂ ಟ್ಯೂಬಿನ ಸದ್ದು ಅಂತ ಓಡುತ್ತಿದ್ದೆ. ಸ್ನಾನಕ್ಕೆ ಹೋದರೆ ಎರಡೇ ಚೊಂಬು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಲ್ಲಿ ತೊಂಬತ್ತಾರು ಇದ್ದದ್ದು ತೊಂಬತ್ತೈದಾದರೆ ಬೆರಳು ಬದಲಿಸಿ ಮತ್ತೆ ಮತ್ತೆ ನೋಡುತ್ತಿದ್ದೆ. ಎದೆಯಲ್ಲಿ ಸ್ವಲ್ಪ ಗೊರಗೊರ ಅಂದರೂ ಸಕ್ಷನ್ ಮಾಡುತ್ತಿದ್ದೆ. ಅನ್ನದಿದ್ದರೂ, ಎಲ್ಲೋ ಒಳಗೆ ಕೂತಿರಬಹುದು ಅಂತ ಮಾಡುತ್ತಿದ್ದೆ. ಅರ್ಧ ಗಂಟೆಗೊಮ್ಮೆ, ಆಮೇಲೆ ಕಾಲು ಗಂಟೆಗೊಮ್ಮೆ. ನಮ್ಮವರು ನನ್ನ ಕೈಲಿ ಪೈಪು ಕಂಡರೆ ಮುಖ ತಿರುಗಿಸಿ ಕಣ್ಣು ಮುಚ್ಚಿಕೊಳ್ಳತೊಡಗಿದರು. ಅತ್ತೆ ದೇವರ ಮನೆಯ ಬಾಗಿಲಲ್ಲಿ ಕೂತು, "ಬಿಡಮ್ಮಾ, ನನ್ನ ನಾಯನನ್ನ, ನನ್ನ ಮಗನ್ನ ಕೊಲ್ಬೇಡಮ್ಮಾ," ಅನ್ನುತ್ತಿದ್ದರು.

ಐದನೇ ದಿನವೋ ಆರನೇ ದಿನವೋ ಪೈಪಿನಲ್ಲಿ ಕೆಂಪು ಎಳೆ ಬಂತು. ಸಿಸ್ಟರ್ ಬಂದು ಬಾಟಲಿಯಲ್ಲಿ ಕೂಡಿದ್ದನ್ನು ಬಗ್ಗಿ ನೋಡಿದರು.

"ಇವತ್ತು ಎಷ್ಟು ಸಲ ಮಾಡ್ದೆ?"

ಲೆಕ್ಕ ಇಟ್ಟಿಲ್ಲ ಅಂದೆ.

"ಕಫ ಇತ್ತಾ ಅಷ್ಟು ಸಲ?"

ಕೈಲಿದ್ದ ಪೈಪನ್ನು ಕೆಳಗಿಟ್ಟೆ.

"ನೋಡು, ಕಫಕ್ಕೆ ಸಕ್ಷನ್ ಮಾಡಬೇಕು. ಹೆದರಿಕೆಗೆ ಮಾಡಬಾರದು. ನೀನು ಅವರ ಎದೆಯಿಂದ ನಿನ್ನ ಹೆದರಿಕೆ ಎಳೀತಿದೀಯ. ಅದು ಬರಲ್ಲ. ರಕ್ತ ಬರುತ್ತೆ."

ಎಷ್ಟೋ ದಿನದಿಂದ ಒಳಗೆ ಕಟ್ಟಿದ್ದದ್ದು ಆಗ ಒಡೆಯಿತು. "ಹಾಗಾದ್ರೆ ನೀವೇ ಮಾಡಬಹುದಲ್ಲ ಸಿಸ್ಟರ್? ಇಷ್ಟು ವರ್ಷ ಮಾಡಿದ ಕೈ. ಒಂದು ದಿನ, ಒಂದೇ ಒಂದು ಸಲ ಮುಟ್ಟಿದ್ದೀರಾ ಅವರನ್ನ? ನಿಮ್ಮ ಸ್ವಂತದವರಾಗಿದ್ರೆ ಹೀಗೆ ದೂರ ಕುರ್ಚಿ ಹಾಕ್ಕೊಂಡು ಕೂತಿರ್ತಿದ್ರಾ? ಸ್ವಂತದವರು ಅಂತ ಯಾರಾದ್ರೂ ಇದ್ದಿದ್ರೆ ಗೊತ್ತಾಗ್ತಿತ್ತು ನಿಮಗೆ."

ಮಾತು ಬಾಯಿ ದಾಟಿದ ಮೇಲೆ ಹಿಂದಕ್ಕೆ ಬರುವುದಿಲ್ಲ. ಸಿಸ್ಟರ್ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಹೊಸ್ತಿಲಲ್ಲಿ ನಿಂತು ತಿರುಗದೆಯೇ, "ಟ್ಯೂಬಿನ ಮೇಲೆ ಒದ್ದೆ ಬ್ಯಾಂಡೇಜ್ ಬಟ್ಟೆ ಇರಲಿ. ಒಣಗೋಕೆ ಬಿಡ್ಬೇಡ. ಗಾಳಿ ಒಣಗಿದ್ರೆ ಕಫ ಗಟ್ಟಿಯಾಗುತ್ತೆ," ಅಂದರು.

ಇನ್ನು ಬರುವುದಿಲ್ಲ ಅಂದುಕೊಂಡೆ. ಮಾರನೇ ದಿನ ಎಂದಿನ ಹೊತ್ತಿಗೆ ಬಂದು ಅದೇ ಕುರ್ಚಿಯಲ್ಲಿ ಕೂತು ಪೇಪರನ್ನು ಮಡಿಲಲ್ಲಿ ಹಾಸಿಕೊಂಡರು. ನಾನು ಕ್ಷಮಿಸಿ ಅನ್ನಬೇಕಿತ್ತು. ಕಾಫಿ ಕೊಟ್ಟೆ. ಅವರು ಲೋಟವನ್ನು ಕೈಗೆ ತೆಗೆದುಕೊಳ್ಳದೆ, ಪಕ್ಕದ ಸ್ಟೂಲಿನ ಮೇಲಿಡು ಅಂದರು. ಆರುವವರೆಗೆ ಅದು ಅಲ್ಲೇ ಇತ್ತು.

ಯುಗಾದಿ ಕಳೆದು ಬಿಸಿಲು ಸುಡುತ್ತಿದ್ದ ಒಂದು ಮಧ್ಯಾಹ್ನ. ನಮ್ಮವರು ಸ್ವಲ್ಪ ಚೇತರಿಸಿಕೊಂಡಿದ್ದರು. ಎಡಗೈ ಬೆರಳುಗಳು ಆಡುತ್ತಿದ್ದವು. ಏನಾದರೂ ಬೇಕಾದರೆ ನಾಲಿಗೆಯಿಂದ ಟಕ್ ಅಂತ ಸದ್ದು ಮಾಡಿ ಕರೆಯುತ್ತಿದ್ದರು. ಆ ಧೈರ್ಯದ ಮೇಲೆ ತಿಂಗಳುಗಳ ನಂತರ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದೆ. ಮದುವೆಯ ಮನೆಯವರ ಬ್ಲೌಸುಗಳು. ಬೆಳಗ್ಗೆಯಿಂದ ಕರೆಂಟು ಇರಲಿಲ್ಲ. ಫ್ಯಾನಿಲ್ಲದ ಕೋಣೆ ಒಲೆಯಂತಿತ್ತು. ಟ್ಯೂಬಿನ ಮೇಲಿನ ಬಟ್ಟೆ ಯಾವಾಗ ಒಣಗಿತೋ ನಾನು ನೋಡಿರಲಿಲ್ಲ. ತೋಳು ಕೂಡಿಸುತ್ತಿದ್ದೆ, ಸಿಸ್ಟರ್ ಕುರ್ಚಿಯಲ್ಲಿದ್ದರು, ಅತ್ತೆ ಗೋಡೆಗೊರಗಿ ತೂಕಡಿಸುತ್ತಿದ್ದರು.

"ಮೆಷಿನ್ ನಿಲ್ಸು," ಅಂದರು ಸಿಸ್ಟರ್.

ನಿಲ್ಲಿಸಿದೆ. ಆಗ ಕೇಳಿಸಿತು. ಸಣ್ಣಗೆ, ಮುಚ್ಚಿದ ಕಿಟಕಿಯ ಸಂದಿಯಲ್ಲಿ ಗಾಳಿ ನುಗ್ಗುವಂಥ ಸಿಳ್ಳು. ನಮ್ಮವರ ಕಣ್ಣು ದೊಡ್ಡದಾಗಿತ್ತು. ಟ್ಯೂಬಿನ ಸುತ್ತ ಕುತ್ತಿಗೆಯ ಗುಳಿಗಳು ಒಳಕ್ಕೆ ಸೆಳೆದುಕೊಳ್ಳುತ್ತಿದ್ದವು. ನಾಲಿಗೆ ಸದ್ದು ಮಾಡಲೂ ಅವರಲ್ಲಿ ತ್ರಾಣ ಇರಲಿಲ್ಲ. ಬೆರಳಿನ ಮೇಲೆ ಎಂಬತ್ತನಾಲ್ಕು. ನೋಡುತ್ತಿದ್ದಂತೆ ಎಂಬತ್ತೊಂದು.

ಕೈಯೇನೋ ತೊಳೆದೆ. ಆಮೇಲೆ ಏನು ಮಾಡಬೇಕು ಅನ್ನುವುದೇ ತಲೆಯಿಂದ ಅಳಿಸಿಹೋಯಿತು. ಒಂದು ಪೈಪಿನ ಪ್ಯಾಕೆಟ್ ಹರಿದು, "ನೀವು ಮಾಡಿ ಸಿಸ್ಟರ್, ನಿಮ್ಮ ಕಾಲಿಗೆ ಬೀಳ್ತೀನಿ, ನೀವೇ ಮಾಡಿ," ಅಂತ ಅವರ ಕೈಗೆ ತುರುಕಿದೆ.

ಅವರು ಹಿಡಿದರು. ಪೈಪಿನ ತುದಿ ಗಾಳಿಗೆ ಸಿಕ್ಕ ದಾರದ ಹಾಗೆ ಅದುರಿತು. ಇನ್ನೊಂದು ಕೈಯಿಂದ ಮಣಿಕಟ್ಟನ್ನು ಒತ್ತಿ ಹಿಡಿದರು. ಆ ಕೈಯೂ ಅದುರುತ್ತಿತ್ತು. ತುದಿ ಹೋಗಿ ಮಂಚದ ಅಂಚಿಗೆ, ಹಾಸಿಗೆಗೆ ತಾಕಿತು.

"ಇದು ಕೆಟ್ಟೋಯ್ತು," ಅಂದರು. ಧ್ವನಿ ಮಾತ್ರ ಒಂದಿಷ್ಟೂ ಅದುರಲಿಲ್ಲ. "ನೋಡಿದ್ಯಲ್ಲ? ನನ್ನ ಕೈಲಿ ಆಗಲ್ಲ. ನಿನ್ನ ಕೈಲಿ ಆಗುತ್ತೆ. ಮೊದಲು ಒಳಗಿನ ಕೊಳವೆ ತಿರುಗಿಸಿ ತೆಗಿ."

ತೆಗೆದೆ. ಒಣಗಿದ ಗೋಂದಿನ ಹಾಗೆ ಕಫ ಅದರ ಬಾಯಿಗೆ ಕಟ್ಟಿಕೊಂಡಿತ್ತು. ಸಿಳ್ಳು ಸ್ವಲ್ಪ ಅಗಲವಾಯಿತು, ಹೋಗಲಿಲ್ಲ. "ಒಳಗೆ ಇನ್ನೂ ಇದೆ. ಅಜ್ಜೀ, ಮಗನ ಬೆನ್ನಿಗೆ ಕೈ ಕೊಟ್ಟು ಎತ್ತಿ ಕೂರಿಸಿ. ಅಳಬೇಡಿ, ಎತ್ತಿ." ಅತ್ತೆ ಎಲ್ಲಿಂದ ಶಕ್ತಿ ತಂದರೋ, ಎತ್ತಿದರು. ಸಿಸ್ಟರ್ ಚಪ್ಪಲಿ ಕಳಚಿ ಬರಿಗಾಲನ್ನು ಅಂದು ತರಿಸಿದ್ದ ಕಾಲುಪಂಪಿನ ಮೇಲಿಟ್ಟು ತುಳಿಯತೊಡಗಿದರು. ಒಂದು ಕೈ ಗೋಡೆಗೆ ಊರಿದ್ದರು. ಕಾಲು ಸ್ಥಿರವಾಗಿತ್ತು.

ಗ್ಲೌಸು ಹಾಕಿದೆ. ಹೊಸ ಪೈಪು. ಉಸಿರು ಹಿಡಿದೆ. ಒಳಗೆ ಬಿಟ್ಟೆ. ಗುರುತಿಗಿಂತ ಮುಂಚೆಯೇ ಏನಕ್ಕೋ ತಗುಲಿ ನಿಂತಿತು.

"ತಳ್ಳಬೇಡ. ಸ್ವಲ್ಪ ಹಿಂದಕ್ಕೆ. ಈಗ ಹೆಬ್ಬೆರಳು ಮುಚ್ಚು. ಒಂದು... ಎರಡು... ಮೂರು..."

ಏನೂ ಬರಲಿಲ್ಲ. ಎಂಟಕ್ಕೆ ಪೈಪು ಆಚೆ ಎಳೆದೆ. ಮತ್ತೆ ತಕ್ಷಣ ಬಿಡಲು ಹೋದೆ. "ನಿಲ್ಲು," ಅಂದರು. "ಉಸಿರಾಡೋಕೆ ಬಿಡು." ಬೆರಳಿನ ಮೇಲೆ ಎಪ್ಪತ್ತಾರು. ಅತ್ತೆ ಬಾಯಿಗೆ ಸೆರಗು ತುಂಬಿಕೊಂಡಿದ್ದರು. ಆ ನಾಲ್ಕು ಉಸಿರುಗಳಷ್ಟು ಉದ್ದದ ಹೊತ್ತನ್ನು ನಾನು ನನ್ನ ಬಾಳಿನಲ್ಲಿ ಬೇರೆ ಕಂಡಿಲ್ಲ. ಸಿಸ್ಟರ್ ನಮ್ಮವರ ಎದೆಯನ್ನೇ ನೋಡುತ್ತಿದ್ದರು. "ಹೂಂ, ಈಗ," ಅಂದರು.

ಈ ಸಲ ಪೈಪು ಇನ್ನಷ್ಟು ಇಳಿಯಿತು. ಮುಚ್ಚಿದೆ. ಐದು ಎಣಿಸುವಾಗ ಪೈಪಿನ ತುದಿ ಭಾರವಾದಂತೆ ಅನ್ನಿಸಿತು. ನಿಧಾನಕ್ಕೆ ಎಳೆದೆ. ತುದಿಗೆ ಅಂಟಿಕೊಂಡು ಅವರೆಕಾಳಿನಷ್ಟು ದಪ್ಪದ, ಹಸಿರು ಮಿಶ್ರಿತ ಕಂದು ಗಡ್ಡೆ ಬಂತು. ಅದರ ಹಿಂದೆಯೇ ಗಾಳಿ ನುಗ್ಗಿದ ಸದ್ದು. ನಮ್ಮವರ ಎದೆ ಎದ್ದಿತು, ಬಿದ್ದಿತು, ಮತ್ತೆ ಎದ್ದಿತು. ಎಂಬತ್ತೆಂಟು. ತೊಂಬತ್ತೊಂದು. ನಾನು ಹಿಡಿದ ಉಸಿರು ಬಿಡುವುದನ್ನೇ ಮರೆತಿದ್ದೆ.

"ಇನ್ನೊಂದು ಸಲ ಮಾಡ್ಲಾ?"

"ಬೇಡ. ಸಾಕು. ಬಟ್ಟೆ ಒದ್ದೆ ಮಾಡಿ ಹಾಕು. ಹೊಸ ಕೊಳವೆ ಹಾಕು. ಆಮೇಲೆ ಕೂತ್ಕೊಂಡು ಅಳು, ಬೇಕಾದ್ರೆ."

ಸಂಜೆ ಕರೆಂಟು ಬಂದ ಮೇಲೆ, ನಮ್ಮವರು ನಿದ್ದೆ ಹೋದ ಮೇಲೆ, ಇಬ್ಬರೂ ಹೊರಗಿನ ಕಟ್ಟೆಯ ಮೇಲೆ ಕೂತೆವು. ಅವರು ಎರಡೂ ಕೈ ಸೆರಗಿನಿಂದ ಹೊರಗೆ ತೆಗೆದು ಮೊದಲ ಸಲ ನನ್ನ ಮುಂದೆ ಮಡಿಲಲ್ಲಿಟ್ಟುಕೊಂಡರು. ಬೆರಳುಗಳು ಅಗೋಚರವಾದ ಏನನ್ನೋ ಉರುಳಿಸುತ್ತಿದ್ದವು. ಐಸಿಯುನಲ್ಲಿ ಒಂದು ದಿನ ಸಕ್ಷನ್ ಮಾಡುವಾಗ ಕೈ ಅದುರಿ ಪೈಪಿನ ತುದಿ ಪೇಷೆಂಟಿನ ಗಂಟಲಿಗೆ ಬಡಿದದ್ದನ್ನು ತಾವೇ ಕಂಡರಂತೆ. ಬೇರೆ ಯಾರೂ ಕಂಡಿರಲಿಲ್ಲ. ಪೇಷೆಂಟಿಗೂ ಏನೂ ಆಗಲಿಲ್ಲ. ಆದರೂ ಆ ಪಾಳಿ ಮುಗಿಸಿ ಬಂದವರು ಮತ್ತೆ ರೋಗಿಯನ್ನು ಮುಟ್ಟಲಿಲ್ಲ.

"ಯಾರಿಗೂ ಯಾಕೆ ಹೇಳ್ಲಿಲ್ಲ ಸಿಸ್ಟರ್? ಬೀದಿಯವರು ಏನೇನೋ ಅಂತಾರೆ."

"ಸೊಕ್ಕು ಅಂತಾರೆ. ಅನ್ನಲಿ. ಅಯ್ಯೋ ಪಾಪ ಅನ್ನೋದಕ್ಕಿಂತ ಪರವಾಗಿಲ್ಲ."

ಪ್ರೆಸ್ ಬಟನ್ನಿನ ಅರ್ಥ ನನಗೆ ಆಗ ಆಯಿತು. ಆರಿಹೋದ ಕಾಫಿಯದೂ. ಅಂದು ಆಡಿದ ಮಾತಿಗೆ ಕ್ಷಮಿಸಿ ಅಂತ ಹೇಳಿಬಿಡಬೇಕು ಅಂದುಕೊಂಡೆ. ಅಷ್ಟರಲ್ಲಿ ಅವರು, "ನಿನ್ನ ಕೈ ಒಳ್ಳೇದು ಕಣೇ. ಹೊಲಿಗೆ ನೋಡಿದಾಗಲೇ ಅಂದ್ಕೊಂಡಿದ್ದೆ," ಅಂದು ಎದ್ದುಬಿಟ್ಟರು.

ಆಮೇಲಿನದು ನಿಧಾನವಾದ ದಾರಿ. ಕೈ ಬಂತು, ಕತ್ತು ನಿಂತಿತು, ಕೆಮ್ಮಿಗೆ ಬಲ ಬಂತು. ಒಂದು ಬೆಳಗ್ಗೆ ನಾನು ಗ್ಲೌಸು ಹಾಕಿಕೊಂಡು ಪೈಪು ಹಿಡಿದು ಬಂದರೆ, ನಮ್ಮವರು ಎಡಗೈ ಎತ್ತಿ, ಟ್ಯೂಬಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ, ತಗಡು ಕೆರೆದಂಥ ದನಿಯಲ್ಲಿ "ಸಾಕು" ಅಂದರು. ನಾಲ್ಕು ತಿಂಗಳ ಮೇಲೆ ಆಡಿದ ಮೊದಲ ಮಾತು ಅದು. ಅತ್ತೆ ಓಡಿಬಂದರು. ಕುರ್ಚಿಯಲ್ಲಿದ್ದ ಸಿಸ್ಟರ್ ನಕ್ಕರು. ಅವರ ನಗು ಅಷ್ಟು ದೊಡ್ಡದಿರಬಹುದು ಅಂತ ನಾನು ಊಹಿಸಿರಲಿಲ್ಲ. "ಅವರೇ ಹೇಳಿದ ಮೇಲೆ ಮುಗೀತಲ್ಲ, ಕೆಳಗಿಡು ಅದನ್ನ," ಅಂದರು. ತಿಂಗಳೊಪ್ಪತ್ತಿನಲ್ಲಿ ಕೋಲಾರದಲ್ಲಿ ಟ್ಯೂಬು ತೆಗೆದರು. ಹರಾಜಿನ ದನಿ ಮಾತ್ರ ವಾಪಸು ಬರಲಿಲ್ಲ. ಈಗ ಅವರು ಅದೇ ಮಂಡಿಯಲ್ಲಿ ಹಣ್ಣು ಬೇರ್ಪಡಿಸುವವರ ಮೇಲುಸ್ತುವಾರಿ ನೋಡಿಕೊಳ್ಳುತ್ತಾರೆ. ನೀರು ಕೇಳಿದರೆ ಪಕ್ಕದ ಕೋಣೆಗೆ ಕೇಳುತ್ತದೆ, ಬೀದಿಗೆ ಕೇಳುವುದಿಲ್ಲ.

ಆ ನಡುಕದ ರೋಗ ಮೈಗೆಲ್ಲ ಏರಿ ಸಿಸ್ಟರಿಗೆ ನಡೆಯುವುದೂ ಕಷ್ಟವಾದಾಗ ಶ್ರೀನಿವಾಸಪುರದ ಹತ್ತಿರದ ಹಳ್ಳಿಯಲ್ಲಿದ್ದ ಅವರ ತಂಗಿ ಬಂದು ಕರೆದುಕೊಂಡು ಹೋದರು. ನಾನು ಮೂರು ಸಲ ಹೋಗಿ ನೋಡಿಬಂದೆ. ಕೊನೆಯ ಸಲ ಮಾವಿನ ಕಾಲ. ಹಿತ್ತಲ ಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿದ್ದರು. ನಾನು ಚಮಚದಲ್ಲಿ ಕಾಫಿ ಕುಡಿಸುತ್ತಿದ್ದಾಗ ಅದು ಅಡ್ಡದಾರಿ ಹಿಡಿದು ಕೆಮ್ಮು ಬಂತು. ಮುಂದಕ್ಕೆ ಬಗ್ಗಿಸಿ, ಬೆನ್ನಿಗೆ ಕೈ ಕೊಟ್ಟು ಹಿಡಿದುಕೊಂಡೆ. ಎಷ್ಟೋ ಹೊತ್ತಿನ ಮೇಲೆ ಸುಧಾರಿಸಿತು. ಅವರ ಮಾತು ಆಗಲೇ ಬಹಳ ಸಣ್ಣದಾಗಿತ್ತು. ಬಾಯಿಯ ಹತ್ತಿರ ಕಿವಿ ಇಡಬೇಕಿತ್ತು.

"ಹಿಂಗೇ ಒಂದಿನ ಶ್ವಾಸಕೋಶಕ್ಕೆ ಇಳಿಯುತ್ತೆ. ನನಗೆ ಗಂಟಲಿಗೆ ಟ್ಯೂಬು ಹಾಕಿಸಬೇಡ ಅಂತ ತಂಗಿಗೆ ಹೇಳಿದೀನಿ."

"ಯಾಕೆ ಸಿಸ್ಟರ್? ನಮ್ಮವರಿಗೆ ಹಾಕಲಿಲ್ವಾ? ಹುಷಾರಾಗಲಿಲ್ವಾ?"

"ಅವರದು ಇಳಿದು ಹೋಗೋ ರೋಗ. ನಂದು ಹಂಗಲ್ಲ ಕಣೇ."

"ನಾನು ಬರ್ತೀನಿ. ಇಲ್ಲೇ ಬಂದು ಇರ್ತೀನಿ. ನಾನೇ ಎಲ್ಲ ಮಾಡ್ತೀನಿ."

"ಗೊತ್ತು," ಅಂದರು. "ಅದಕ್ಕೇ ಹೇಳ್ತಿರೋದು."

ನನಗೆ ಆ ಮಾತು ಅರ್ಥವಾಗಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ಮುಂದಿನ ಸಲ ಬಂದಾಗ ಹಳೆಯ ಮಾತಿಗೆ ಕ್ಷಮೆ ಕೇಳಬೇಕು ಅಂದುಕೊಂಡೇ ಹೊರಟೆ. ಮುಂದಿನ ಸಲ ಬರಲಿಲ್ಲ. ಮಳೆಗಾಲ ಶುರುವಾದಾಗ ಅವರ ತಂಗಿಯ ಫೋನು ಬಂತು. ಹೋಗಿ ಮೂರು ದಿನ ಆಗಿತ್ತು. ಮಣ್ಣೂ ಆಗಿತ್ತು. ಮೂರು ದಿನ ಯಾಕೆ ತಡ ಮಾಡಿದಿರಿ ಅಂತ ಕೇಳಲು ಬಾಯಿ ಬರಲಿಲ್ಲ. ಸಿಟ್ಟು ಬಂದಿತ್ತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆ... ಕೊನೆಗೆ ಕಫ ಕಟ್ಟಿತ್ತಾ, ಯಾರಾದರೂ ನೋಡಿದರಾ, ಎಷ್ಟು ಹೊತ್ತು ಒದ್ದಾಡಿದರು... ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಅಂತ ವರ್ಷಗಟ್ಟಲೆ ಕೇಳದೆ ಉಳಿದೆ.

ಮಾಲೂರಿನಿಂದ ವಾಪಸು ಬಂದ ಮೇಲೆ ತಡೆಯಲಾಗಲಿಲ್ಲ. ಹೋದ ವಾರ ಶ್ರೀನಿವಾಸಪುರದ ಬಸ್ಸು ಹತ್ತಿದೆ. ತಂಗಿ ಹುಣಸೆಹಣ್ಣು ಬಿಡಿಸುತ್ತ ಜಗುಲಿಯಲ್ಲಿ ಕೂತಿದ್ದರು. ಕೇಳಿದೆ. ಅವರು ಕೈಲಿದ್ದ ಹಣ್ಣು ಕೆಳಗಿಟ್ಟರು.

"ಎರಡು ದಿನ ಗೊರಗೊರ ಅಂತಿತ್ತು. ಜ್ವರ ಇತ್ತು. ಡಾಕ್ಟ್ರು ಮನೆಗೇ ಬಂದು ನೋಡ್ಕೊಂಡು ಹೋಗೋರು. ಪಕ್ಕಕ್ಕೆ ಮಲಗಿಸಿ, ತಲೆದಿಂಬು ಎತ್ತರ ಮಾಡಿ, ಬಾಯಲ್ಲಿ ಬಂದಿದ್ದನ್ನ ಒದ್ದೆ ಬಟ್ಟೇಲಿ ಒರೆಸ್ತಾ ಇರು ಅಂತ ಅಕ್ಕ ಮುಂಚೇನೇ ಹೇಳ್ಕೊಟ್ಟಿತ್ತು. ಹಂಗೇ ಮಾಡ್ದೆ. ಜಾಸ್ತಿ ಒದ್ದಾಡ್ಲಿಲ್ಲಮ್ಮ. ಬೆಳಗ್ಗೆ ಹಾಲು ಕರ್ಯೋ ಹೊತ್ತಿಗೆ ನಿಂತೋಯ್ತು."

"ನನಗೊಂದು ಫೋನ್ ಮಾಡಬಹುದಿತ್ತಲ್ಲಮ್ಮ. ಎರಡು ದಿನ ಇತ್ತಲ್ಲ."

ಅವರು ನನ್ನ ಮುಖ ನೋಡಿದರು. ಹೇಳಲೋ ಬೇಡವೋ ಅನ್ನುವಂತಿತ್ತು.

"ಅಕ್ಕನೇ ಬ್ಯಾಡ ಅಂತು. ಎಲ್ಲ ಮುಗಿದ ಮೇಲೆ ಹೇಳು, ಮುಂಚೆ ಹೇಳಿದ್ರೆ ಅವಳು ಮೆಷಿನ್ ಹೊತ್ಕೊಂಡು ಬಂದುಬಿಡ್ತಾಳೆ, ನನ್ನ ಹೋಗೋಕೆ ಬಿಡಲ್ಲ ಅಂತು."

ಅವರು ಕೊಟ್ಟ ಮಜ್ಜಿಗೆ ಕುಡಿದು, ಸಂಜೆಯ ಬಸ್ಸಿಗೆ ಹೊರಟೆ. ಶ್ರೀನಿವಾಸಪುರ ದಾಟುವವರೆಗೂ ಸಿಸ್ಟರ್ ಮೇಲೆ ಸಿಟ್ಟಾಗಲು ನೋಡಿದೆ. ಆಗಲಿಲ್ಲ. ಅವರು ಹೇಳಿದ್ದು ನಿಜ. ಗೊತ್ತಾಗಿದ್ದರೆ ನಾನು ಹೋಗುತ್ತಿದ್ದೆ. ಅವರು ಬೇಡ ಅಂದರೂ ಕೇಳುತ್ತಿರಲಿಲ್ಲ.